ತೇಜು ಕೇಳಿದ ಬೋರ್ಡು

ಮಳವಳ್ಳಿ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಗೊಬ್ಬರದಂಗಡಿಗೂ ಟೈಲರ್ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡ ಹಾಗಿರುವ ಒಂದು ಕೋಣೆ. ಶಿವರಾಜುವಿನ ಕಂಪ್ಯೂಟರ್ ಅಂಗಡಿ ಅಂದರೆ ಅದೇ. ಒಳಗೆ ಕಾಲಿಟ್ಟರೆ ಪಕ್ಕದ ಯೂರಿಯಾ ವಾಸನೆ, ಇವನ ಬೆಸುಗೆಯ ಹೊಗೆ ಎರಡೂ ಒಟ್ಟಿಗೆ ಮೂಗಿಗೆ ಬಡಿಯುತ್ತವೆ. ಆದರೂ ಹಲಗೂರಿನಿಂದ ಕಿರುಗಾವಲಿನವರೆಗೆ ಯಾರಾದರೂ ಕಂಪ್ಯೂಟರ್ ಹಾಕಿಸಬೇಕು ಅಂದುಕೊಂಡರೆ ಇಲ್ಲಿಗೇ ಬರುತ್ತಿದ್ದರು. ಅಂಗಡಿಯ ಅಂದ ನೋಡಿ ಅಲ್ಲ, ಅಂಗಡಿಯವನ ಬಾಯಿ ನಂಬಿ. ಜಾಸ್ತಿ ಬೆಲೆಯದನ್ನು ಕೇಳಿಕೊಂಡು ಬಂದವರಿಗೆ ಬೈದು ಕಮ್ಮಿ ಬೆಲೆಯದನ್ನು ಕೊಟ್ಟು ಕಳಿಸುವ ವ್ಯಾಪಾರಿ ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ.

“ಏನ್ ಕೆಲ್ಸಕ್ಕೆ?” ಇದು ಅವನ ಮೊದಲ ಪ್ರಶ್ನೆ. ಬಂದವನು ಕೂರುವ ಮೊದಲೇ ಕೇಳಿಬಿಡುತ್ತಿದ್ದ. ಹಾಲಿನ ಲೆಕ್ಕಕ್ಕೆ ಅಂತಲೋ, ಮಕ್ಕಳ ಓದಿಗೆ ಅಂತಲೋ ಅವರು ಹೇಳಿದರೆ, ಒಂದು ಖಾಲಿ ಮದರ್‌ಬೋರ್ಡ್ ಎತ್ತಿಕೊಂಡು ಪಾಠ ಶುರು.

“ನೋಡಿ, ಈ ಪ್ರೊಸೆಸರು ಅನ್ನೋದು ಕೆರೆ ಇದ್ದಂಗೆ. ಇಲ್ಲಿ ಕೂತವ್ನಲ್ಲ ಚಿಪ್‌ಸೆಟ್ಟು, ಇವ್ನು ನೀರುಗಂಟಿ. ಯಾವ ತೂಬು ಎತ್ಬೇಕು, ಯಾವ ಗದ್ದೆಗೆ ಎಷ್ಟು ಬುಡಬೇಕು, ಎಲ್ಲಾ ಇವನ ಕೈಲಿ. ದುಡ್ಡು ಜಾಸ್ತಿ ಕೊಟ್ರೆ ಜಾಸ್ತಿ ತೂಬು ನೋಡ್ಕಳೋ ನೀರುಗಂಟಿ ಸಿಕ್ತಾನೆ. ನಿಮ್ಗಿರೋದು ಒಂದು ಮಡಿ ಸೊಪ್ಪು. ಅದಕ್ಯಾಕೆ ಅಷ್ಟು ದೊಡ್ಡ ಆಳು?”

ಜನ ನಗುತ್ತಿದ್ದರು. ಉಳಿದ ದುಡ್ಡನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಊರಿಗೆ ಹೋಗಿ ಇನ್ನಿಬ್ಬರಿಗೆ ಹೇಳುತ್ತಿದ್ದರು. ಮದ್ದೂರಿನಲ್ಲಿ ರೇಡಿಯೋ ರಿಪೇರಿ ಕಲಿತು, ಮಂಡ್ಯದ ಇಂಟರ್‌ನೆಟ್ ಸೆಂಟರಿನಲ್ಲಿ ಕೂಲಿ ಮಾಡಿ, ಕೊನೆಗೆ ಸ್ವಂತ ಅಂಗಡಿ ಇಟ್ಟ ಶಿವರಾಜುವಿಗೆ ಇದ್ದ ಹೆಮ್ಮೆ ಅದೊಂದೇ. ಇನ್ನೊಬ್ಬರ ದುಡ್ಡು ದಂಡ ಮಾಡಿಸಲಿಲ್ಲ ಅನ್ನುವುದು.

ತೇಜು ಬಂದದ್ದು ಕೊರೊನಾ ಗಲಾಟೆ ತಣ್ಣಗಾಗುತ್ತಿದ್ದ ಕಾಲದಲ್ಲಿ. ಹಲಗೂರು ದಾರಿಯಿಂದ ಒಳಗೆ ಸರಿದರೆ ಸಿಗುವ ಹುಣಸೆಪಾಳ್ಯದ ಹುಡುಗಿ. ಅಪ್ಪ ಇಲ್ಲ. ಮನೆಯಲ್ಲಿ ತಾತ ಚಿಕ್ಕಮಾದಯ್ಯ, ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದ ಅಮ್ಮ ಜಯಲಕ್ಷ್ಮಮ್ಮ. ಡಿಗ್ರಿ ಮುಗಿಸಿಕೊಂಡು ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಬ್ಯಾನರ್ ಡಿಸೈನ್ ಮಾಡುವುದನ್ನು ಕಲಿತಿದ್ದಳು. ಇನ್ನು ಮನೆಯಲ್ಲೇ ಕೂತು ಮಾಡುತ್ತೇನೆ ಅಂತ ಅಮ್ಮನನ್ನು ಕರೆದುಕೊಂಡು ಬಂದಿದ್ದಳು.

“ಅಣ್ಣ, ನಂಗೆ ಎಚ್ ಬೋರ್ಡ್ ಬ್ಯಾಡ. ಬಿ ಬೋರ್ಡ್ ಹಾಕ್ಕೊಡಿ” ಅಂದಳು.

ಎಚ್ ಅಂದರೆ ಕಮ್ಮಿ ಚಿಪ್‌ಸೆಟ್ಟಿನದು, ಬಿ ಅಂದರೆ ಅದಕ್ಕಿಂತ ಮೇಲಿನದು. ಎರಡಕ್ಕೂ ನಡುವೆ ಒಂದು ಒಳ್ಳೆಯ ಮಿಕ್ಸಿಯಷ್ಟು ಬೆಲೆಯ ವ್ಯತ್ಯಾಸ.

“ಏನ್ ಕೆಲ್ಸಕ್ಕೆ?”

“ಫ್ಲೆಕ್ಸಿಗೆ. ದೊಡ್ಡ ದೊಡ್ಡ ಬ್ಯಾನರ್ರು. ಎಚ್ ಬೋರ್ಡಲ್ಲಿ ರ‍್ಯಾಮ್ ಕೂರ್ಸಕ್ಕೆ ಎರಡೇ ಜಾಗ. ಇನ್ನೊಂದು ಸ್ಪೀಡ್ ಡಿಸ್ಕ್ ಹಾಕ್ತೀನಿ ಅಂದ್ರೂ ಆಗಲ್ಲ.”

ಶಿವರಾಜು ಖುಷಿಯಿಂದಲೇ ವಾದಕ್ಕೆ ಕೂತ. ವಿಷಯ ಗೊತ್ತಿರುವ ಗಿರಾಕಿ ಸಿಗುವುದೇ ಅಪರೂಪ. ಕೆರೆ, ನೀರುಗಂಟಿ ಎಲ್ಲವೂ ಬಂದವು. ಅವಳ ಕೆಲಸಕ್ಕೆ ಎಚ್ ಬೋರ್ಡು ಸಾಕು ಅಂತ ಲೆಕ್ಕ ಹಾಕಿ ತೋರಿಸಿದ. ಲೆಕ್ಕ ತಪ್ಪೇನೂ ಆಗಿರಲಿಲ್ಲ.

“ಇವತ್ತಿಗೆ ಸಾಕಣ್ಣ. ನಾಳೀಕೆ?” ಅಂದಳು ತೇಜು.

“ನಾಳೀಕೆ ಬೇಕಾದ್ರೆ ನಾಳೆ ಹಾಕ್ಸು. ನಾನೇನು ಮಳವಳ್ಳಿ ಬುಟ್ಟು ಓಡೋಯ್ತೀನಾ?”

ಜಯಲಕ್ಷ್ಮಮ್ಮ ಮಗಳನ್ನು ಮೊಣಕೈಯಿಂದ ಮೆಲ್ಲಗೆ ತಿವಿದಳು. ಸಾಕು ಬುಡು, ಅಣ್ಣ ಹೇಳ್ತಾ ಅವ್ರಲ್ಲ, ಅನ್ನುವ ತಿವಿತ ಅದು. ತೇಜು ಒಪ್ಪಿದಳು. ಉಳಿದ ದುಡ್ಡಲ್ಲಿ ಜಯಲಕ್ಷ್ಮಮ್ಮ ಅದೇ ದಿನ ಪೇಟೆ ಬೀದಿಯಲ್ಲಿ ಮಿಕ್ಸಿ ತೆಗೆದುಕೊಂಡಳು. ಕಂಪ್ಯೂಟರು, ಮಿಕ್ಸಿ ಎರಡೂ ಒಂದೇ ಆಟೋದಲ್ಲಿ ಹುಣಸೆಪಾಳ್ಯಕ್ಕೆ ಹೋದವು.

ಆಮೇಲೆ ಎಲ್ಲಿ ನೋಡಿದರೂ ತೇಜುವಿನ ಬ್ಯಾನರುಗಳೇ. ಹುಟ್ಟುಹಬ್ಬದವು, ಗೃಹಪ್ರವೇಶದವು, ಹಾಲಿನ ಸೊಸೈಟಿ ಚುನಾವಣೆಯವು. ಸತ್ತವರ ಶ್ರದ್ಧಾಂಜಲಿ ಬ್ಯಾನರಿನಲ್ಲಂತೂ ಅವಳದೇ ಒಂದು ಬಗೆ ಇತ್ತು. ಕೆಳಗೆ ಎರಡು ದೀಪ, ಸುತ್ತ ಮಲ್ಲಿಗೆ ಬಳ್ಳಿ, ಮೇಲೆ ‘ಮತ್ತೆ ಹುಟ್ಟಿ ಬಾ’ ಅಂತ ಬಾಗಿದ ಅಕ್ಷರ. ಜನ ಅದನ್ನೇ ಕೇಳಿ ಮಾಡಿಸುತ್ತಿದ್ದರು.

ಕೆಲಸ ಬೆಳೆಯಿತು, ಬ್ಯಾನರಿನ ಫೈಲುಗಳೂ ಬೆಳೆದವು. ಅವಳ ನಾಳೆ ಬಂದೇಬಿಟ್ಟಿತು. ಮನೆಯ ಕಂಪ್ಯೂಟರು ತಿಣುಕತೊಡಗಿತು, ದೊಡ್ಡ ಫೈಲು ತೆರೆದರೆ ನಿಂತೇ ಹೋಗುತ್ತಿತ್ತು. ಆಗೆಲ್ಲ ತೇಜು ಪೆನ್‌ಡ್ರೈವ್ ಹಿಡಿದುಕೊಂಡು ಬಸ್ಸು ಹತ್ತಿ ಶಿವರಾಜುವಿನ ಅಂಗಡಿಗೆ ಬಂದು, ಮೂಲೆಯಲ್ಲಿ ಅವನದೇ ಒಂದು ದೊಡ್ಡ ಕಂಪ್ಯೂಟರು ಇತ್ತಲ್ಲ, ಅದರ ಮುಂದೆ ಕೂತು ಕೆಲಸ ಮುಗಿಸಿಕೊಂಡು ಹೋಗುತ್ತಿದ್ದಳು. “ನಮ್ಮನೆ ನೀರುಗಂಟಿ ಮಲಗವ್ನೆ ಅಣ್ಣ, ನಿಮ್ಮೋನ್ನ ಸ್ವಲ್ಪ ಬುಡಿ” ಅನ್ನುತ್ತಿದ್ದಳು. ಶಿವರಾಜು ಕೆಣಕಿದರೆ ತಿರುಗಿ ಕೆಣಕುತ್ತಿದ್ದಳು. ಬೋರ್ಡು ಬದಲಾಯಿಸೋಣ ಅಂತ ಇಬ್ಬರೂ ಆಗಾಗ ಮಾತಾಡಿಕೊಳ್ಳುವರು. ಹಬ್ಬ ಕಳೀಲಿ ಅಂತ ಒಂದು ಸಲ, ಎಲೆಕ್ಷನ್ ಮುಗೀಲಿ ಅಂತ ಇನ್ನೊಂದು ಸಲ.

ಅಂಥದೇ ಒಂದು ದಿನ ಕೆಲಸ ಮುಗಿಯುವಾಗ ಹೊತ್ತು ಮುಳುಗುತ್ತಿತ್ತು. ಬಸ್ಸು ತಪ್ಪಿತು. ತೇಜು ಯಾವುದೋ ಶೇರ್ ಆಟೋ ಹತ್ತಿದಳು. ಊರು ಇನ್ನೇನು ಬಂತು ಅನ್ನುವಲ್ಲಿ ರಸ್ತೆಯ ಮೇಲೆ ಕಬ್ಬು ತುಂಬಿದ ಟ್ರ್ಯಾಕ್ಟರು ಕೆಟ್ಟು ನಿಂತಿತ್ತು. ಹಿಂದೆ ದೀಪವಿರಲಿಲ್ಲ. ಆಟೋದವನಿಗೆ ಕಾಣಲಿಲ್ಲ.

ಅವಳ ಶ್ರದ್ಧಾಂಜಲಿ ಬ್ಯಾನರನ್ನು ಮಾಡಿದವನು ಶಿವರಾಜುವೇ. ಬೇರೆ ಯಾರಿಗೂ ಕೊಡಲು ಮನಸ್ಸಾಗಲಿಲ್ಲ. ಮೂಲೆಯ ಕಂಪ್ಯೂಟರಿನಲ್ಲಿ ಅವಳೇ ಮಾಡಿಟ್ಟಿದ್ದ ದೀಪ, ಮಲ್ಲಿಗೆ ಬಳ್ಳಿ, ಬಾಗಿದ ಅಕ್ಷರ ಎಲ್ಲವೂ ಇದ್ದವು. ನಡುವೆ ಅವಳ ಫೋಟೋ ಕೂರಿಸುವುದಷ್ಟೇ ಬಾಕಿ. ಅದನ್ನು ಮಾಡುವಾಗ ಅವನಿಗೆ ಬೆನ್ನ ಹಿಂದೆ ಯಾರೋ ನಿಂತು ನೋಡುತ್ತಿದ್ದಾರೆ ಅನ್ನಿಸಿತು. ಫೋಟೋ ಸ್ವಲ್ಪ ಎಡಕ್ಕೆ ಸರಿದಿದೆ ಅಂತ ಹೇಳುತ್ತಿದ್ದಾರೆ ಅನ್ನಿಸಿತು. ನೋಡಿದರೆ ನಿಜಕ್ಕೂ ಸರಿದಿತ್ತು.

ಅಲ್ಲಿಂದ ಶುರುವಾಯಿತು.

ಶಿವರಾಜುವಿಗೆ ಒಂದು ಅಭ್ಯಾಸವಿತ್ತು. ತಾನು ಜೋಡಿಸುವ ಪ್ರತಿ ಕಂಪ್ಯೂಟರಿನಲ್ಲೂ, ಕರೆಂಟು ಹೋಗಿ ಬಂದರೆ ಅದು ತಾನಾಗೇ ಚಾಲೂ ಆಗುವ ಹಾಗೆ ಒಂದು ಸೆಟ್ಟಿಂಗು ಇಟ್ಟುಬಿಡುತ್ತಿದ್ದ. ನಮ್ಮ ಕಡೆಯ ಕರೆಂಟಿನ ಹಣೆಬರಹ ಗೊತ್ತಲ್ಲ. ಪ್ರತಿ ಸಲ ಎದ್ದು ಹೋಗಿ ಗುಂಡಿ ಒತ್ತುವ ತಾಪತ್ರಯ ಬೇಡ ಅಂತ. ಮೂಲೆಯ ಕಂಪ್ಯೂಟರಿಗೂ ಹಾಗೇ ಇಟ್ಟಿದ್ದ. ಬೆಳಿಗ್ಗೆ ಅಂಗಡಿಯ ಮೇನ್ ಸ್ವಿಚ್ ಎತ್ತಿದರೆ ಅದು ಎದ್ದು ಕೂರುತ್ತಿತ್ತು. ಮಧ್ಯಾಹ್ನ ಕರೆಂಟು ಹೋಗಿ ಬಂದರೂ ಅಷ್ಟೇ. ಮೊದಲು ಫ್ಯಾನು ತಿರುಗುವ ಸದ್ದು, ಆಮೇಲೆ ಪರದೆಯ ಬೆಳಕು. ತೇಜು ಇದ್ದಾಗ ಆ ಸದ್ದು ಅವನ ಕಿವಿಗೆ ಬಿದ್ದೇ ಇರಲಿಲ್ಲ. ಈಗ ಫ್ಯಾನು ಗುರ್ ಅಂದ ಕೂಡಲೇ ತಲೆ ಆ ಕಡೆ ತಿರುಗುತ್ತಿತ್ತು. ಖಾಲಿ ಕುರ್ಚಿ. ಕಾರಣ ಗೊತ್ತು, ತಾನೇ ಇಟ್ಟ ಸೆಟ್ಟಿಂಗು. ಗೊತ್ತಿದ್ದೂ ತಿರುಗುತ್ತಿದ್ದ.

ಅದಕ್ಕಿಂತ ಕೆಟ್ಟದ್ದೆಂದರೆ ಅವನ ಬಾಯಿ ಹೋಯಿತು. ಗಿರಾಕಿ ಬಂದು ಕೂತು, ಇವನು “ನಿಮ್ಗೆ ಎಚ್ ಬೋರ್ಡೇ ಸಾಕು” ಅನ್ನುವಷ್ಟರಲ್ಲಿ ಕಿವಿಯ ಹತ್ತಿರ ಯಾರೋ “ನಾಳೀಕೆ?” ಅಂದ ಹಾಗಾಗುತ್ತಿತ್ತು. ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಹಾಲಿನ ಸೊಸೈಟಿಯ ದೊಡ್ಡಸಿದ್ದಯ್ಯ ಅಂತ ಹಳೆಯ ಗಿರಾಕಿ, ಲೆಕ್ಕ ಬರೆಯಲು ಒಂದು ಸಣ್ಣ ಕಂಪ್ಯೂಟರು ಕೇಳಿದರೆ, ಅವನಿಗೆ ಬಿ ಬೋರ್ಡು ಹಾಕಿ ಕೊಟ್ಟುಬಿಟ್ಟ. ಬಿಲ್ಲು ನೋಡಿ ದೊಡ್ಡಸಿದ್ದಯ್ಯ ಉರಿದುಬಿದ್ದ.

“ಅಲ್ಲ ಕಣ್ಲಾ ಸಿವರಾಜ, ಹಾಲು ಅಳೆಯಕ್ಕೆ ರಾಕೆಟ್ ಯಾಕ್ಲಾ ಕೊಟ್ಟೆ? ನೀನೂ ಎಲ್ಲಾರಂಗೆ ಆಗ್ಬುಟ್ಟಾ?”

ಆ ಮಾತು ನಾಟಿತು. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಅಮೃತಳಿಗೆ ಹೇಳಿಕೊಂಡ. ಅಮೃತ ಶಾಲೆಯ ಟೀಚರು, ಯಾವುದನ್ನೂ ಸುತ್ತಿ ಬಳಸಿ ಹೇಳುವವಳಲ್ಲ. “ಆ ಸೆಟ್ಟಿಂಗ್ ತೆಗ್ದಾಕ್ರೀ. ಆ ಮೂಲೆ ಮಿಷನ್ನೇ ಮಾರಾಕಿ. ಎಷ್ಟು ದಿನ ಅಂತ ಬೆಚ್ಚಿಬೀಳ್ತೀರ?” ಅಂದಳು. ನಾಳೆ ತೆಗೀತೀನಿ ಅಂದ. ತೆಗೆಯಲಿಲ್ಲ. ತೆಗೆಯಲು ಹೋದರೆ ಕೂತವಳನ್ನು ಎಬ್ಬಿಸಿ ಆಚೆಗೆ ಕಳಿಸಿದ ಹಾಗೆ ಅನ್ನಿಸುತ್ತಿತ್ತು.

ವರ್ಷ ತಿರುಗಿತು. ಪಿತೃಪಕ್ಷ ಬಂತು. ಮಹಾಲಯ ಅಮಾವಾಸ್ಯೆಗೆ ಸ್ವಲ್ಪ ದಿನ ಇರುವಾಗ ಒಂದು ಮಧ್ಯಾಹ್ನ ಜಯಲಕ್ಷ್ಮಮ್ಮ ಅಂಗಡಿಯ ಮೆಟ್ಟಿಲು ಹತ್ತಿದಳು. ಸೊಂಟದ ಮೇಲೆ ಮಗುವನ್ನು ಹೊತ್ತ ಹಾಗೆ ಒಂದು ಗಂಟು. ಹಳೆಯ ಸೀರೆ ಬಿಚ್ಚಿದರೆ ಒಳಗೆ ತೇಜುವಿನ ಕಂಪ್ಯೂಟರು. ಕರೆಂಟು ಹೋಗಿತ್ತು, ಅಂಗಡಿಯೊಳಗೆ ಮಬ್ಬು.

“ಇದಕ್ಕೆ ಅವಳು ಕೇಳಿದ್ ಬೋರ್ಡ್ ಹಾಕ್ಕೊಡಿ ಅಣ್ಣ.”

ಇಷ್ಟು ವರ್ಷದ ಅಭ್ಯಾಸ, ಶಿವರಾಜುವಿನ ಬಾಯಿಂದ ತಡೆಯುವ ಮೊದಲೇ ಬಂದುಬಿಟ್ಟಿತು. “ಏನ್ ಕೆಲ್ಸಕ್ಕೆ?”

“ಎಡೆಗೆ” ಅಂದಳು ಜಯಲಕ್ಷ್ಮಮ್ಮ.

ವರ್ಷ ತುಂಬಿದ ಮೇಲೆ ಸತ್ತವರನ್ನು ಹಿರಿಯರ ಜೊತೆಗೆ ಸೇರಿಸಬೇಕು. ಅವರಿಗೆ ಇಷ್ಟವಾದದ್ದನ್ನೆಲ್ಲ ಫೋಟೋ ಮುಂದೆ ಬಾಳೆಲೆಯ ಮೇಲೆ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ, ಸೇದುವವರಿಗೆ ಬೀಡಿ, ಕುಡಿಯುವವರಿಗೆ ಬಾಟ್ಲು ಇಟ್ಟು, ಬಾಗಿಲು ಮುಚ್ಚಿಕೊಂಡು ಎಲ್ಲರೂ ಆಚೆಗೆ ಬಂದು ಕಾಯಬೇಕು. ಒಳಗೆ ಅವರು ಬಂದು ತೃಪ್ತಿ ಪಟ್ಟು ಹೋಗುತ್ತಾರೆ. ಮದುವೆಯೂ ಆಗದ ಹುಡುಗಿ ಈ ಸಲ ಹುಣಸೆಪಾಳ್ಯದ ಆ ಮನೆಗೆ ಹಿರಿಯಳು.

ಶಿವರಾಜು ತನ್ನ ಎಂದಿನ ಲೆಕ್ಕ ಹಾಕಿದ. ಇದು ಯಾರೂ ಓಡಿಸದ ಕಂಪ್ಯೂಟರು, ಒಂದು ಸಂಜೆ ಫೋಟೋ ಮುಂದೆ ಇರುವುದು. ಇದಕ್ಕಿಂತ ಕಮ್ಮಿ ಕೆಲಸ ಯಾವ ಕಂಪ್ಯೂಟರಿಗೂ ಇರಲು ಸಾಧ್ಯವಿಲ್ಲ.

“ಎಡೇಲಿ ಇಡಕ್ಕೆ ಇದೇ ಸಾಕಲ್ಲ ಜಯಕ್ಕ. ಒರೆಸಿ ಇಟ್ರೆ ಹೊಸದ್ರಂಗೆ ಕಾಣ್ತದೆ. ಒಳಗೆ ಯಾವ ಬೋರ್ಡ್ ಅದೆ ಅಂತ ಯಾರು ಬಿಚ್ಚಿ ನೋಡ್ತಾರೆ?”

“ಅವಳು ನೋಡ್ತಾಳೆ.”

ಬೋರ್ಡಿಗೆ ದುಡ್ಡು ಬೇಡ, ನಾನೇ ಹಾಕುತ್ತೇನೆ ಅಂದ. ಅವಳು ಒಪ್ಪಲಿಲ್ಲ. ಎಡೆಯ ಸಾಮಾನು ಮನೆಯವರೇ ತರಬೇಕು, ಇನ್ನೊಬ್ಬರ ದುಡ್ಡಿನದಾದರೆ ಸತ್ತವರು ಮುಟ್ಟುವುದಿಲ್ಲ ಅಂದಳು. ಆಮೇಲೆ ಗಂಟಿನ ಸೀರೆಯನ್ನು ಮಡಿಸುತ್ತ ಮಡಿಸುತ್ತ, ತನಗೆ ತಾನೇ ಹೇಳಿಕೊಳ್ಳುವ ಹಾಗೆ ಹೇಳಿದಳು.

“ಆ ಮಿಕ್ಸೀನ ಬಟ್ಟೆ ಸುತ್ತಿ ಅಟ್ಟಕ್ಕಾಕಿವ್ನಿ. ಅದರ ಸದ್ದು ಕೇಳುದ್ರೆ ನಂಗೆ ಕೈಕಾಲು ನಡುಗ್ತದೆ. ಅವತ್ತು ಅವಳು ಕೇಳ್ತಾ ಇದ್ಲು. ನಾನು ತಿವಿದೆ. ತಿವೀದೆ ಇದ್ದಿದ್ರೆ ಮನೇಲೇ ಕೆಲ್ಸ ಮುಗೀತಿತ್ತು. ಮಳವಳ್ಳಿಗೆ ಯಾಕೆ ಬರೋಳು? ಕತ್ತಲಾಗೋಗಂಟ ಯಾಕೆ ಕೂರೋಳು?”

ಇದು ಶಿವರಾಜು ದಿನವೂ ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಮಾತು. ಈಗ ಅದು ಇನ್ನೊಬ್ಬರ ಬಾಯಲ್ಲಿ ಬಂದಿತ್ತು. ತಪ್ಪು ನಿಮ್ಮದಲ್ಲ ಅಂತ ಹೇಳಬೇಕು. ಬಾಯಿ ತೆರೆದ. ಅಷ್ಟರಲ್ಲಿ ಕರೆಂಟು ಬಂತು. ಮೂಲೆಯಲ್ಲಿ ಫ್ಯಾನು ಗುರ್ ಅಂತು, ಪರದೆ ಬೆಳಗಿತು.

“ಯಾರು?” ಅಂದಳು ಜಯಲಕ್ಷ್ಮಮ್ಮ ಬೆಚ್ಚಿ.

“ಯಾರೂ ಇಲ್ಲ ಜಯಕ್ಕ. ಕರೆಂಟ್ ಬಂದ್ರೆ ಅದು ತಾನೇ ಏಳ್ತದೆ.”

ಅವಳು ಎದ್ದು ಹೋಗಿ ಮೂಲೆಯ ಕುರ್ಚಿಯ ಬೆನ್ನನ್ನು ಮುಟ್ಟಿದಳು. “ಇಲ್ಲೇನಾ ಕೂರ್ತಿದ್ದುದ್ದು?” ಅಂದಳು. ಶಿವರಾಜು ತಲೆಯಾಡಿಸಿದ. ಅವಳು ಮಗಳ ಕಂಪ್ಯೂಟರನ್ನು ಅಂಗಡಿಯಲ್ಲೇ ಬಿಟ್ಟು, ಬಸ್ಸಿಗೆ ಹೊತ್ತಾಯಿತು ಅಂತ ಹೊರಟಳು.

ಬೋರ್ಡು ಹುಡುಕುವುದು ಸುಲಭವಾಗಲಿಲ್ಲ. ಕಂಪ್ಯೂಟರಿನ ಪ್ರಪಂಚದಲ್ಲಿ ಮೂರ್ನಾಲ್ಕು ವರ್ಷ ಅಂದರೆ ಒಂದು ತಲೆಮಾರು. ತೇಜುವಿನ ಪ್ರೊಸೆಸರು ಕೂರುವ ಆ ಕಾಲದ ಬೋರ್ಡುಗಳು ಬರುವುದೇ ನಿಂತುಹೋಗಿತ್ತು. ಶಿವರಾಜು ಮಂಡ್ಯಕ್ಕೆ ಹೋದ. ನೂರಡಿ ರಸ್ತೆಯ ಹತ್ತಿರ ಲಿಂಗರಾಜು ಅಂತ ಹೋಲ್‌ಸೇಲ್ ವ್ಯಾಪಾರಿ, ಇವನ ಹಳೆಯ ಗೆಳೆಯ.

“ಅದ್ಯಾಕ್ಲಾ ಈಗ? ಈಗಿನ ಎಚ್ ಬೋರ್ಡೇ ಆ ಕಾಲದ ಬಿ ಬೋರ್ಡಿಗಿಂತ ಜೋರಾಗದೆ. ರೇಟೂ ಕಮ್ಮಿ. ಹೊಸ ಪ್ರೊಸೆಸರ್ ಸಮೇತ ತಗಂಡೋಗು” ಅಂದ ಲಿಂಗರಾಜು.

ಶಿವರಾಜುವಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವತ್ತು ಯಾವುದಕ್ಕಾಗಿ ಅಷ್ಟು ಜಗ್ಗಾಡಿದರೋ ಅದಕ್ಕಿಂತ ಹೆಚ್ಚಿನದು ಈಗ ಅಗ್ಗಕ್ಕೆ ಬಿದ್ದಿದೆ.

“ಬ್ಯಾಡ. ಅದೇ ಬೇಕು. ಕೇಳಿರೋರು ಅದನ್ನೇ ಕೇಳವ್ರೆ.”

ಲಿಂಗರಾಜು ಗೊಣಗುತ್ತ ಒಳಕೋಣೆಗೆ ಹೋಗಿ ತಡಕಾಡಿ, ಧೂಳು ಹಿಡಿದ ಒಂದು ಪೆಟ್ಟಿಗೆ ತಂದ. ಸೀಲು ಕೂಡ ಒಡೆದಿರಲಿಲ್ಲ. “ನಿನ್ನ ಪುಣ್ಯ, ಒಂದು ಉಳ್ಕಂಡದೆ. ಮಾರೋಗ್ತಿತ್ತು ಯಾವತ್ತೋ. ನೀನು ಊರೂರಿಗೆಲ್ಲ ಬಿ ಬೋರ್ಡ್ ಬ್ಯಾಡ, ಬಿ ಬೋರ್ಡ್ ಬ್ಯಾಡ ಅಂತ ಸಾರ್ಕೊಂಡು ಕೂತಿದ್ಯಲ್ಲಪ್ಪ, ಯಾರು ತಗತಾರೆ?” ಅಂದ. ತಮಾಷೆಗೆ ಹೇಳಿದ್ದು. ಶಿವರಾಜು ನಗಲಿಲ್ಲ.

ಮದ್ದೂರಿನಲ್ಲಿ ಬಸ್ಸು ಬದಲಾಯಿಸಿದ. ಪೆಟ್ಟಿಗೆ ತೊಡೆಯ ಮೇಲಿತ್ತು, ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ. ಕಂಡಕ್ಟರು ಬಂದ.

“ಮಳವಳ್ಳಿ, ಎರಡು” ಅಂದ ಶಿವರಾಜು.

“ಇನ್ನೊಬ್ರು ಯಾರು? ಹೆಂಗಸ್ರಾ? ಹೆಂಗಸ್ರಾದ್ರೆ ಫ್ರೀ, ಆಧಾರ್ ತೋರ್ಸಕ್ಕೇಳಿ.”

ಶಿವರಾಜು ಪಕ್ಕಕ್ಕೆ ನೋಡಿದ. ಕಿಟಕಿಯ ಆಚೆ ಕಬ್ಬಿನ ಗದ್ದೆಗಳು ಹಿಂದಕ್ಕೆ ಹೋಗುತ್ತಿದ್ದವು. “ಒಂದೇ. ಒಂದೇ ಕೊಡಿ” ಅಂದ. ಕಂಡಕ್ಟರು ಅವನನ್ನು ಒಂದು ಥರ ನೋಡಿ ಟಿಕೆಟ್ಟು ಹರಿದು ಕೊಟ್ಟ.

ಅಮಾವಾಸ್ಯೆಯ ದಿನ ಊಟದ ಹೊತ್ತು ಕಳೆದ ಮೇಲೆ ತೇಜುವಿನ ಕಂಪ್ಯೂಟರನ್ನೂ ಬೋರ್ಡಿನ ಪೆಟ್ಟಿಗೆಯನ್ನೂ ಹೊತ್ತುಕೊಂಡು ಹುಣಸೆಪಾಳ್ಯಕ್ಕೆ ಹೋದ. ನಡುಮನೆಯಲ್ಲಿ ತೇಜುವಿನ ಫೋಟೋ, ಅವಳ ಮೇಜು. ಅಡುಗೆಮನೆಯಿಂದ ಮಸಾಲೆ ಅರೆಯುವ ಒರಳಿನ ಸದ್ದು ಬರುತ್ತಿತ್ತು. ಶಿವರಾಜು ಕಂಪ್ಯೂಟರಿನ ಡಬ್ಬ ಬಿಚ್ಚಿ, ಹಳೆಯ ಬೋರ್ಡು ತೆಗೆದು ಹೊಸದನ್ನು ಕೂರಿಸಿದ. ಅವಳದೇ ಪ್ರೊಸೆಸರು, ಅವಳದೇ ಡಿಸ್ಕು. ಯುಪಿಎಸ್ಸಿನ ಬ್ಯಾಟರಿ ಸತ್ತಿದ್ದರಿಂದ ವೈರನ್ನು ನೇರ ಗೋಡೆಗೇ ಕೊಟ್ಟ. ಚಾಲೂ ಮಾಡಿ, ಸೆಟ್ಟಿಂಗಿನೊಳಗೆ ಹೋಗಿ, ತಾರೀಖು, ಸಮಯ ಎಲ್ಲ ಸರಿಮಾಡಿದ. ಕೈ ಅದರ ಪಾಡಿಗೆ ಅದು ಓಡಾಡಿತು. ಆಮೇಲೆ ಪರದೆಯ ಮೇಲೆ ‘ತೇಜು’ ಅಂತ ಹೆಸರು ಬಂತು, ಕೆಳಗೆ ಪಾಸ್‌ವರ್ಡ್ ಕೇಳುವ ಖಾಲಿ ಗೆರೆ. ಅದು ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಗೇ ಆಫ್ ಮಾಡಿದ.

“ವೈರ್ ತೆಗೀಬ್ಯಾಡಿ” ಅಂದಳು ಜಯಲಕ್ಷ್ಮಮ್ಮ. “ಗೋಡೆ ಸ್ವಿಚ್ ಹಾಕಿರ್ಲಿ. ಅವಳೇ ಬಂದು ಆನ್ ಮಾಡ್ಕತಾಳೆ.”

ದೀಪ ಹಚ್ಚುವ ಹೊತ್ತಿಗೆ ಎಡೆ ಇಟ್ಟರು. ಮುದ್ದೆ, ಬಾಡಿನ ಸಾರು, ಒಬ್ಬಟ್ಟು, ಅವಳಿಗೆ ಪ್ರಾಣವಾಗಿದ್ದ ನಿಂಬೆಹುಳಿ ಚಿತ್ರಾನ್ನ. ಪಕ್ಕದಲ್ಲಿ ಹಸಿರು ಬಣ್ಣದ ಚೂಡಿದಾರ, ಬಳೆ. ಮೇಜಿನ ಮೇಲೆ ಕಂಪ್ಯೂಟರಿಗೆ ಅರಿಶಿನ ಕುಂಕುಮ ಇಟ್ಟು ಒಂದು ಮೊಳ ಮಲ್ಲಿಗೆ ಮುಡಿಸಿದ್ದರು. ಚಿಕ್ಕಮಾದಯ್ಯ ಸಾಂಬ್ರಾಣಿ ಹಾಕಿ, “ತಗಳವ್ವ. ಕೇಳಿದ್ದ ತಂದಿವಿ. ತಡವಾಯ್ತು” ಅಂದ. ಎಲ್ಲರೂ ಹಿಂದೆ ಹಿಂದಕ್ಕೆ ನಡೆದು ಆಚೆಗೆ ಬಂದರು. ಬಾಗಿಲು ಮುಚ್ಚಿತು.

ಎಲ್ಲರೂ ಜಗಲಿಯಲ್ಲಿ ಕೂತರು. ಬೀದಿಯ ಎಲ್ಲ ಮನೆಗಳಲ್ಲೂ ಬಾಗಿಲು ಮುಚ್ಚಿ ಜನ ಹೀಗೇ ಕೂತಿದ್ದರು. ಜಯಲಕ್ಷ್ಮಮ್ಮ ಬಾಗಿಲಿಗೆ ಮುಖ ಮಾಡಿ ಕೂತಿದ್ದಳು, ಒಳಗಿಂದ ಗುಂಡಿ ಒತ್ತುವ ಸಣ್ಣ ಸದ್ದಿಗೂ ಕಿವಿಗೊಟ್ಟು. ಆ ಮುಖ ನೋಡಿದ ಮೇಲೆ ಶಿವರಾಜುವಿಗೆ ಹೊಳೆಯಿತು. ಸದ್ದು ಬರದಿದ್ದರೆ? ಬಾಗಿಲು ತೆಗೆದು ನೋಡಿದಾಗ ಪರದೆ ಕಪ್ಪಗೇ ಇದ್ದರೆ? ಮಗಳು ಇನ್ನೂ ಮುನಿಸಿಕೊಂಡಿದ್ದಾಳೆ ಅಂತ ಈ ಹೆಂಗಸು ಉಳಿದ ಆಯಸ್ಸೆಲ್ಲ ಒರಳಿನಲ್ಲೇ ಅರೆಯುತ್ತಾಳೆ. ಬೋರ್ಡು ತಂದುಕೊಟ್ಟವನು ಇಷ್ಟನ್ನೂ ಯೋಚಿಸಲಿಲ್ಲವಲ್ಲ ಅಂತ ತನ್ನ ಮೇಲೇ ಸಿಟ್ಟು ಬಂತು.

ಆಗಲೇ ಕರೆಂಟು ಹೋಯಿತು.

ಬೀದಿಯೆಲ್ಲ ಕಪ್ಪಾಯಿತು. ಬಾಗಿಲ ಸಂದಿಯಲ್ಲಿ ಎಡೆಯ ದೀಪದ ಕೆಂಪು ಗೆರೆ ಮಾತ್ರ. ಶಿವರಾಜುವಿಗೆ ಆಗ ನೆನಪಾಯಿತು, ಆ ಸೆಟ್ಟಿಂಗು. ಮಧ್ಯಾಹ್ನ ಇಟ್ಟೆನಾ? ಎಲ್ಲ ಕಂಪ್ಯೂಟರಿಗೂ ಇಡುತ್ತೇನೆ. ಆದರೆ ಇದಕ್ಕೆ? ತಾರೀಖು ಹಾಕಿದ್ದು ನೆನಪಿದೆ, ಸಮಯ ಹಾಕಿದ್ದು ನೆನಪಿದೆ. ಅದೊಂದು ಮಾತ್ರ ಎಷ್ಟು ತಿಣುಕಿದರೂ ನೆನಪಿಗೆ ಬರಲಿಲ್ಲ. ಫ್ಯಾನಿನ ಸದ್ದು ಬರಲಿ ಅಂತ ಬೇಡಿಕೊಂಡ. ಯಾರನ್ನು ಬೇಡುತ್ತಿದ್ದೇನೆ ಅನ್ನುವುದು ಅವನಿಗೇ ಗೊತ್ತಿರಲಿಲ್ಲ.

ಬೀದಿದೀಪ ಹತ್ತಿತು. ಕರೆಂಟು ಬಂದಿತ್ತು. ಒಳಗೆ ಏನೂ ಇಲ್ಲ. ಇನ್ನೂ ಏನೂ ಇಲ್ಲ. ಆಮೇಲೆ, ಮುಚ್ಚಿದ ಬಾಗಿಲಿನ ಹಿಂದೆ, ಮೆಲ್ಲಗೆ, ಫ್ಯಾನು ತಿರುಗಿತು.

ಚಿಕ್ಕಮಾದಯ್ಯನ ಎರಡೂ ಕೈ ಎದೆಗೆ ಬಂದವು. ಜಯಲಕ್ಷ್ಮಮ್ಮ ಕೂಗಲಿಲ್ಲ, ಅಳಲಿಲ್ಲ. “ತಗಂಡ್ಲು” ಅಂದಳು ಅಷ್ಟೇ. ಕಾರಣ ಗೊತ್ತಿದ್ದವನೂ ಶಿವರಾಜು ಒಬ್ಬನೇ, ಹೆಚ್ಚು ಹೆದರಿದವನೂ ಅವನೇ.

ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋದರು. ಪರದೆಯ ನೀಲಿ ಬೆಳಕು ಫೋಟೋದ ಮೇಲೆ ಬಿದ್ದಿತ್ತು. ‘ತೇಜು’ ಅನ್ನುವ ಹೆಸರು, ಕೆಳಗೆ ಖಾಲಿ ಗೆರೆ. ಗೆರೆಯಲ್ಲಿ ಸಣ್ಣ ಕಡ್ಡಿಯೊಂದು ಮಿಣುಕುತ್ತ ಕಾಯುತ್ತಿತ್ತು.

ಉಳಿದವರು ಪ್ರಸಾದ ಹಂಚಲು ಹೋದ ಮೇಲೆ ಜಯಲಕ್ಷ್ಮಮ್ಮ ಅವನ ಹತ್ತಿರ ಬಂದಳು. “ಅಣ್ಣ, ನಿಮ್ಮ ಅಂಗ್ಡೀದೂ ಅವತ್ತು ಹಿಂಗೇ ಎದ್ದಿತ್ತಲ್ಲ. ಕರೆಂಟ್ ಬಂದಾಗ.”

ಶಿವರಾಜು ತಲೆ ತಗ್ಗಿಸಿದ. ಯಂತ್ರದ ವಿಷಯದಲ್ಲಿ ಸುಳ್ಳು ಹೇಳಿ ಅವನಿಗೆ ಗೊತ್ತಿಲ್ಲ. “ಊಂ ಜಯಕ್ಕ. ಹಂಗೆ ಒಂದು ಸೆಟ್ಟಿಂಗ್ ಇರ್ತದೆ. ನಾನು ಎಲ್ಲದಕ್ಕೂ ಇಡ್ತೀನಿ. ಇದಕ್ಕೂ ಇಟ್ಟಿರ್ಬೇಕು.” ಅಷ್ಟಕ್ಕೇ ನಿಲ್ಲಿಸಲಾಗಲಿಲ್ಲ. “ಇನ್ನೊಂದು. ಅವತ್ತು ಕಮ್ಮಿದು ಸಾಕು ಅಂದೋನು ನಾನು. ನೀವು ತಿವಿದಿದ್ದು ಆಮೇಲೆ. ನಿಮ್ಮದೇನೂ ಇಲ್ಲ ಅದ್ರಲ್ಲಿ.”

“ಇಬ್ರೂ ಸೇರೇ ಅಂದ್ವಿ ಬುಡಿ” ಅಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. ಪರದೆಯ ಕಡೆ ತಿರುಗಿದಳು. “ಸೆಟ್ಟಿಂಗೋ ಏನೋ. ಅವಳು ಬರಕ್ಕೂ ಒಂದು ದಾರಿ ಬ್ಯಾಡ್ವಾ ಅಣ್ಣ? ನೀವು ತೂಬು ಎತ್ತಿದ್ರಿ, ಅವಳು ಬಂದ್ಲು.”

ಹಬ್ಬ ಕಳೆದು ಶಿವರಾಜು ಅಂಗಡಿ ತೆರೆದ. ಮೇನ್ ಸ್ವಿಚ್ ಎತ್ತಿದ. ಟ್ಯೂಬ್‌ಲೈಟ್ ಹತ್ತಿತು. ಮೂಲೆಯ ಕಡೆಗೆ ಕಿವಿ ಕೊಟ್ಟು ನಿಂತ. ಸದ್ದಿಲ್ಲ. ಸ್ವಿಚ್ ಇಳಿಸಿ ಮತ್ತೆ ಎತ್ತಿದ. ಫ್ಯಾನು ತಿರುಗಲಿಲ್ಲ.

ಹತ್ತಿರ ಹೋಗಿ ಬಿಚ್ಚಿ ನೋಡಿದರೆ ಅಂಥದ್ದೇನಿಲ್ಲ. ಸೆಟ್ಟಿಂಗನ್ನು ನೆನಪಿಟ್ಟುಕೊಳ್ಳಲು ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದಷ್ಟಗಲದ ಸೆಲ್ಲು ಇರುತ್ತದೆ. ಅದು ಸತ್ತಿತ್ತು, ಅಷ್ಟೇ. ಕಂಪ್ಯೂಟರಿನಲ್ಲೆಲ್ಲ ಅದರಷ್ಟು ಅಗ್ಗದ ಸಾಮಾನು ಇನ್ನೊಂದಿಲ್ಲ.

ಅವನಿಗೆ ಹಗುರಾಗಬೇಕಿತ್ತು. ಇನ್ನು ಬೆಚ್ಚಿಬೀಳುವ ಹಾಗಿಲ್ಲ. ಗಿರಾಕಿಯ ಮುಂದೆ ನಾಲಿಗೆ ತೊದಲುವ ಹಾಗಿಲ್ಲ. ಅಮೃತಳಿಗೆ ಹೇಳಿದರೆ ದೇವರಿಗೆ ಕಾಯಿ ಒಡೆಸುತ್ತಾಳೆ. ಕೂತು ಒಂದು ಪ್ರಿಂಟರು ಬಿಚ್ಚಿದ. ಟೈಲರ್ ಅಂಗಡಿಯ ಮಿಷನ್ನು ಕಟಕಟ ಅನ್ನುತ್ತಿತ್ತು. ಒಬ್ಬ ಗಿರಾಕಿ ಬಂದು ಕಂಪ್ಯೂಟರಿನ ರೇಟು ಕೇಳಿದ. ಶಿವರಾಜು ಕೆಲಸ ಕೇಳಿದ, ಎಚ್ ಬೋರ್ಡು ಸಾಕು ಅಂದ. ಅಂದು ಕಾದ. ಕಿವಿಯ ಹತ್ತಿರ ಯಾರೂ ಏನೂ ಅನ್ನಲಿಲ್ಲ. ಅಂಗಡಿ ಇಷ್ಟು ಖಾಲಿಯಾಗಿ ಯಾವತ್ತೂ ಇರಲಿಲ್ಲ ಅನ್ನಿಸಿತು.

“ನಾಳೀಕೆ ಏನ್ಮಾಡ್ತೀರಾ ಅದ್ರಲ್ಲಿ?” ಅಂತ ಅವನೇ ಕೇಳಿದ. ಗಿರಾಕಿ ಅರ್ಥವಾಗದೆ ಅವನ ಮುಖ ನೋಡಿದ. “ಯೋಚ್ನೆ ಮಾಡ್ಕಂಡು ಸಂಜೆ ಬನ್ನಿ” ಅಂತ ಕಳಿಸಿಕೊಟ್ಟ.

ಆಮೇಲೆ ಡ್ರಾಯರ್ ಎಳೆದು ಹೊಸ ಸೆಲ್ಲು ತೆಗೆದ. ಮೂಲೆಯ ಕಂಪ್ಯೂಟರಿಗೆ ಹಾಕಿದ. ಸೆಟ್ಟಿಂಗಿನೊಳಗೆ ಹೋಗಿ ಆ ಒಂದು ಸಾಲನ್ನು ಹುಡುಕಿ, ಈ ಸಲ ಮರೆಯದ ಹಾಗೆ ನಿಧಾನಕ್ಕೆ ಬದಲಾಯಿಸಿ, ಆಫ್ ಮಾಡಿದ. ಎದ್ದು ಹೋಗಿ ಮೇನ್ ಸ್ವಿಚ್ ಇಳಿಸಿದ. ಅಂಗಡಿ ಮಬ್ಬಾಯಿತು. ಎತ್ತಿದ.

ಬೆನ್ನ ಹಿಂದೆ ಫ್ಯಾನು ಗುರ್ ಅಂತು. ಶಿವರಾಜು ಬೆಚ್ಚಲಿಲ್ಲ. ಹೆಗಲ ಮೇಲಿನ ಟವಲ್ಲಿನಿಂದ ಕುರ್ಚಿಯ ಧೂಳು ಒರೆಸಿ, ಮೇಜಿನಿಂದ ಸ್ವಲ್ಪ ಈಚೆಗೆ ಎಳೆದಿಟ್ಟ.

“ಬಾ ಕಣವ್ವ, ಕೂತ್ಕೋ” ಅಂದ.